ಕಪ್ ನಮ್ದೇ, ಗೇಟು ಯಾರದ್ದು?

"ಯಾರು ಹೋಗು ಅಂದಿದ್ರು ಅವ್ರಿಗೆ?"

2025ರ ಜೂನ್ 4ರ ಸಂಜೆಯಿಂದ ಈ ಮಾತನ್ನ ಎಷ್ಟು ಜನರ ಬಾಯಲ್ಲಿ ಕೇಳಿದೀನೋ ಲೆಕ್ಕ ಇಟ್ಟಿಲ್ಲ. ಆಫೀಸಿನ ಕ್ಯಾಂಟೀನಲ್ಲಿ ಕೇಳಿದೆ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಲ್ಲಿ ಓದಿದೆ, ಮದುವೆ ಮನೆ ಊಟದ ಪಂಕ್ತಿಯಲ್ಲಿ ಪಕ್ಕದವರು ಹೋಳಿಗೆ ಮುರೀತಾ ಹೇಳಿದ್ದನ್ನೂ ಕೇಳಿದೆ. ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ 11 ಜನ ತೀರಿಕೊಂಡರು. ಬಹುತೇಕ ಎಲ್ಲರೂ ಮೂವತ್ತು ದಾಟದವರು. ಶಾಲೆ ಕಾಲೇಜಿನ ಮಕ್ಕಳಿದ್ರು, ನಮ್ಮ ಹಾಗೆ ಐಟಿ ಕಂಪನಿಗೆ ಹೋಗೋರೂ ಇದ್ರು. ಅದಕ್ಕೆ ನಾವು, ಓದಿದವರು, ತಿಂಗಳ ಕೊನೆಗೆ ಸರಿಯಾಗಿ ಸಂಬಳ ಬರೋರು, ಕೊಟ್ಟ ಷರಾ ಇದು: ಯಾರು ಹೋಗು ಅಂದಿದ್ರು? ಕೆಲಸ ಇಲ್ವಾ ಇವ್ರಿಗೆ? ಬುಧವಾರ ಮಧ್ಯಾಹ್ನ ಯಾವ ಮನುಷ್ಯ ಎಲ್ಲಾ ಬಿಟ್ಟು ಬಸ್ ನೋಡೋಕೆ ಹೋಗ್ತಾನೆ?

ಇದನ್ನ ಕೇಳಿದವರಲ್ಲಿ ಅರ್ಧ ಜನ ಹಿಂದಿನ ರಾತ್ರಿ ಬಾಲ್ಕನಿಯಲ್ಲಿ ನಿಂತು ಗಂಟಲು ಹರಿಯೋ ಹಾಗೆ ಕೂಗಿದವರೇ. ಮಾರನೇ ಬೆಳಗ್ಗೆ "ರಾತ್ರಿ ಮ್ಯಾಚ್ ಇತ್ತು, ಲೇಟಾಗಿ ಬರ್ತೀನಿ" ಅಂತ ಟೀಮಿಗೆ ಮೆಸೇಜ್ ಹಾಕಿದವರೇ. ನಾವು ಮಾಡಿದ್ರೆ ಪ್ಯಾಶನ್, ಅವರು ಮಾಡಿದ್ರೆ ಹುಚ್ಚು. ಈ ಲೆಕ್ಕ ನನಗೆ ಒಪ್ಪಿಗೆ ಇಲ್ಲ.

ಆ ಪ್ರಶ್ನೆಗೆ ಉತ್ತರವೂ ಇದೆ. ಯಾರು ಹೋಗು ಅಂದಿದ್ರು? ಎಲ್ರೂ ಅಂದಿದ್ರು ಸ್ವಾಮಿ. ತಂಡ ತನ್ನ ಪೇಜಲ್ಲಿ ಹಾಕಿತ್ತು. ಸರ್ಕಾರ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ ಇಟ್ಟುಕೊಂಡಿತ್ತು. ಟೀವಿಯವರು ವಿಮಾನ ಇಳಿದದ್ದು, ಬಸ್ಸು ಹೊರಟದ್ದು ಎಲ್ಲಾನೂ ನೇರ ಪ್ರಸಾರ ಮಾಡಿದ್ರು. ಮೆರವಣಿಗೆ ಇದೆ ಅಂತ ಒಂದು ಸಲ, ಇಲ್ಲ ಅಂತ ಇನ್ನೊಂದು ಸಲ, ಇದೆ ಅಂತ ಮತ್ತೊಂದು ಸಲ. ಉಚಿತ ಪ್ರವೇಶ ಅಂತ ಸುದ್ದಿ, ಪಾಸ್ ಬೇಕು ಅಂತ ಇನ್ನೊಂದು ಸುದ್ದಿ. ಹದಿನೆಂಟು ವರ್ಷ "ಈ ಸಲ ಕಪ್ ನಮ್ದೇ" ಅಂತ ಹೇಳಿಸಿ ಹೇಳಿಸಿ, ಕಪ್ ಬಂದ ದಿನ "ಬನ್ನಿ" ಅಂದ್ರೆ ಜನ ಬರದೇ ಇರ್ತಾರಾ? ಮನೆಗೆ ಊಟಕ್ಕೆ ಕರೆದು, ಬಾಗಿಲು ಹಾಕ್ಕೊಂಡು, ಜಗಲಿ ಮೇಲೆ ನೂಕುನುಗ್ಗಲಾದಾಗ "ಯಾಕೆ ಬಂದ್ರಿ" ಅನ್ನೋದು ನಮ್ಮ ಕಡೆ ಮರ್ಯಾದಸ್ಥರ ಲಕ್ಷಣ ಅಲ್ಲ.

ಹೋದವರು ಯಾರು ಅನ್ನೋದನ್ನೂ ಸ್ವಲ್ಪ ನೋಡೋಣ. ಟಿಕೆಟ್ ಸಿಗೋರು ಅವತ್ತು ಹೋಗಲೇ ಬೇಕಾಗಿರಲಿಲ್ಲ. ಅವರು ಏಪ್ರಿಲ್‌ನಲ್ಲೇ ಹೋಗಿ ಬಂದಿದ್ರು, ಸ್ಟ್ಯಾಂಡಲ್ಲಿ ಕೂತು ಸೆಲ್ಫಿ ಹಾಕಿದ್ರು. ಕಂಪನಿ ಕಡೆಯಿಂದ ಬಾಕ್ಸಲ್ಲಿ ಕೂತು, ಊಟ ಮಾಡ್ತಾ ಮ್ಯಾಚ್ ನೋಡಿದವರೂ ನಮ್ಮಲ್ಲಿದ್ದಾರೆ. ಜೂನ್ 4ಕ್ಕೆ ಹೋದವರಲ್ಲಿ ಹೆಚ್ಚಿನವರು ಆ ಗೇಟಿನ ಒಳಗೆ ಒಂದು ದಿನವೂ ಕಾಲಿಡದವರು. ಆನ್‌ಲೈನ್ ಕ್ಯೂನಲ್ಲಿ ಲಕ್ಷದ ಆಚೆ ನಂಬರ್ ನೋಡಿ ಫೋನ್ ಕೆಳಗಿಟ್ಟವರು. ಬ್ಲ್ಯಾಕಲ್ಲಿ ಹೇಳೋ ರೇಟು ಕೇಳಿ "ಒಂದು ತಿಂಗಳ ಬಾಡಿಗೆ ಆಯ್ತಲ್ಲೋ" ಅಂತ ನಕ್ಕು ಸುಮ್ಮನಾದವರು. ಊರಿಂದ ಬಸ್ಸು, ರೈಲು ಹತ್ತಿ ಬಂದವರೂ ಇದ್ರು. ಅವರ ಪಾಲಿಗೆ ಅದು ಹದಿನೆಂಟು ವರ್ಷದಲ್ಲಿ ಸಿಕ್ಕ ಒಂದೇ ಒಂದು ಪುಕ್ಕಟೆ ದಿನ.

ಇಂಥ ಅಭಿಮಾನಿಗಳ ಮಧ್ಯೆನೇ ಬೆಳೆದವನು ನಾನು. ಅರಸೀಕೆರೆ ಕಡೆಯ ಊರು ನಮ್ಮದು. ನಮ್ಮ ದೊಡ್ಡಪ್ಪನಿಗೆ ಇಂಗ್ಲಿಷೂ ಬರ್ತಿರಲಿಲ್ಲ, ಹಿಂದಿಯೂ ಬರ್ತಿರಲಿಲ್ಲ. ಆದ್ರೂ ಕೊಬ್ಬರಿ ಅಟ್ಟದ ಕೆಳಗೆ ರೇಡಿಯೋ ಇಟ್ಕೊಂಡು ಕಾಮೆಂಟರಿ ಕೇಳೋರು. ಸ್ಕೋರು ಹೇಗೆ ಗೊತ್ತಾಗುತ್ತೆ ಅಂದ್ರೆ, "ಜನ ಕೂಗೋದ್ರಲ್ಲೇ ತಿಳಿಯುತ್ತೆ ಕಣೋ" ಅನ್ನೋರು. ಒಂದು ಥರ ಕೂಗಿದ್ರೆ ಬೌಂಡರಿ, ಇನ್ನೊಂದು ಥರ ಕೂಗಿದ್ರೆ ವಿಕೆಟ್ಟು, ಯಾರೂ ಕೂಗದಿದ್ರೆ ಸಚಿನ್ ಔಟು. 1996ರ ಅಕ್ಟೋಬರ್ 21ರ ರಾತ್ರಿ ಟೈಟಾನ್ ಕಪ್ ಪಂದ್ಯ ಇದೇ ಚಿನ್ನಸ್ವಾಮಿಯಲ್ಲಿ. ಆಸ್ಟ್ರೇಲಿಯಾ ಎದುರು 216 ಬೇಕಿತ್ತು, 164ಕ್ಕೆ ಎಂಟು ವಿಕೆಟ್ ಬಿದ್ದಿತ್ತು. ಕುಂಬ್ಳೆ, ಶ್ರೀನಾಥ್ ಇಬ್ಬರೇ ನಿಂತು ಗೆಲ್ಲಿಸಿದ್ರು. ಒಬ್ಬರು ಬೆಂಗಳೂರಿನವರು, ಇನ್ನೊಬ್ಬರು ಮೈಸೂರಿನವರು. ನಮ್ಮ ಬೀದಿಯಲ್ಲಿ ಅವತ್ತು ಕರೆಂಟು ಹೋಗಿತ್ತು. ಆಟ ಮುಗಿದದ್ದು ನಮಗೆ ತಿಳಿದದ್ದು ಆ ಕ್ರೀಡಾಂಗಣದ ಜನರ ಗದ್ದಲದಿಂದ. ದೊಡ್ಡಪ್ಪ ಆ ಸ್ಟೇಡಿಯಮ್ಮನ್ನ ಒಂದು ದಿನವೂ ಕಣ್ಣಾರೆ ಕಂಡವರಲ್ಲ. ಆದ್ರೂ ಅದು ಅವರದ್ದೇ ಆಗಿತ್ತು. ಇಂಥ ಜನಕ್ಕೆ "ಕೆಲಸ ಇಲ್ವಾ" ಅನ್ನೋಕೆ ನಾವು ಯಾರು?

ಈಗ ನನ್ನ ವೃತ್ತಿಯ ಭಾಷೆಯಲ್ಲೇ ಒಂದು ಮಾತು. ಹಬ್ಬದ ಸೇಲ್ ಇರೋ ದಿನ ಒಂದು ಆ್ಯಪ್‌ಗೆ ಎಷ್ಟು ಜನ ಒಟ್ಟಿಗೆ ಬರಬಹುದು ಅಂತ ನಾವು ತಿಂಗಳುಗಟ್ಟಲೆ ಮುಂಚೆ ಲೆಕ್ಕ ಹಾಕ್ತೀವಿ. ಸುಳ್ಳು ಟ್ರಾಫಿಕ್ ಹರಿಸಿ ಲೋಡ್ ಟೆಸ್ಟ್ ಮಾಡ್ತೀವಿ. ಮಿತಿ ಮೀರಿದ್ರೆ ಬಾಗಿಲಲ್ಲೇ ತಡೆದು, "ಸ್ವಲ್ಪ ಹೊತ್ತು ಬಿಟ್ಟು ಬನ್ನಿ" ಅನ್ನೋ ಪುಟ ತೋರಿಸ್ತೀವಿ. ಇಷ್ಟೆಲ್ಲಾ ಮಾಡಿಯೂ ಸರ್ವರ್ ಬಿದ್ರೆ, "ಬಳಕೆದಾರ ಯಾಕೆ ಬಂದ? ಅವನಿಗೆ ಕೆಲಸ ಇರಲಿಲ್ವಾ?" ಅಂತ ಮ್ಯಾನೇಜರ್ ಮುಂದೆ ಹೇಳಿ ನೋಡಿ. ಅವತ್ತೇ ಮನೆಗೆ ಕಳಿಸ್ತಾರೆ. ಏನು ತಪ್ಪಾಯ್ತು, ಯಾವ ನಿಮಿಷಕ್ಕೆ ಏನಾಯ್ತು, ಮತ್ತೆ ಆಗದ ಹಾಗೆ ಏನು ಮಾಡ್ತೀವಿ ಅಂತ ಒಂದು ದಸ್ತಾವೇಜು ಬರೀಬೇಕು. ಅದಕ್ಕೆ ನಮ್ಮ ಫೀಲ್ಡಲ್ಲಿ ಪೋಸ್ಟ್‌ಮಾರ್ಟಮ್ ಅಂತಾರೆ. ಜೂನ್ 4ರ ರಾತ್ರಿ ಬೌರಿಂಗ್ ಆಸ್ಪತ್ರೆಯ ಹೊರಗೆ ಅಪ್ಪ ಅಮ್ಮಂದಿರು ಕಾದು ಕೂತಿದ್ದು ನಿಜವಾದ ಪೋಸ್ಟ್‌ಮಾರ್ಟಮ್‌ಗೆ.

ಕಳೆದುಹೋದ ಆನ್‌ಲೈನ್ ಆರ್ಡರಿಗೆ ಇರೋ ಶಿಸ್ತು ಮನುಷ್ಯನ ಉಸಿರಿಗೆ ಇಲ್ಲ ಅಂದ್ರೆ ಏನರ್ಥ? ಒಳಗೆ ಹಿಡಿಯೋದು ಸುಮಾರು 35 ಸಾವಿರ. ಬಂದವರು ಲಕ್ಷಗಟ್ಟಲೆ. ತಯಾರಿಗೆ ಸಿಕ್ಕಿದ್ದು ಒಂದು ಪೂರ್ತಿ ದಿನವೂ ಅಲ್ಲ. ಈ ಮೂರು ಸಾಲು ಹೇಳಿದ್ರೆ ನಮ್ಮ ಆಫೀಸಲ್ಲಿ ಹೊಸದಾಗಿ ಸೇರಿದ ಟ್ರೈನಿ ಹುಡುಗಿ ಕೂಡ "ಇದನ್ನ ಇವತ್ತು ರಿಲೀಸ್ ಮಾಡಬೇಡಿ" ಅಂತಾಳೆ. ಹೊರಗೆ ಜನ ಸಾಯ್ತಿದ್ದಾಗಲೇ ಒಳಗೆ ಸ್ವಲ್ಪ ಹೊತ್ತು ಸಂಭ್ರಮ ನಡೀತಿತ್ತು ಅನ್ನೋದನ್ನಂತೂ ಎಷ್ಟು ಸಲ ಯೋಚಿಸಿದ್ರೂ ಜೀರ್ಣ ಆಗಲ್ಲ. ಯಾರ ಪಾಲು ಎಷ್ಟು ಅಂತ ಆಯೋಗ, ಕೋರ್ಟು ಹೇಳಲಿ. ಆ ತೀರ್ಪು ಕೊಡೋದು ನನ್ನ ಕೆಲಸ ಅಲ್ಲ. ಆದ್ರೆ ಸತ್ತವರ ಪಾಲಿಗೆ ತಪ್ಪು ಹಾಕೋ ಕೆಲಸ ನಾವೂ ಮಾಡೋದು ಬೇಡ.

ಜನ ಅಂದ್ರೆ ಹೀಗೇ, ಲಕ್ಷ ಜನ ಸೇರಿದ್ರೆ ಯಾರೇನು ಮಾಡೋಕಾಗುತ್ತೆ ಅನ್ನೋರಿಗೆ ನಮ್ಮೂರ ಜಾತ್ರೆ ತೋರಿಸಬೇಕು. ತೇರಿನ ದಿನ ನಮ್ಮೂರ ಜನಸಂಖ್ಯೆಯ ಹತ್ತರಷ್ಟು ಜನ ಸೇರ್ತಾರೆ. ಸಮಿತಿಯಲ್ಲಿರೋರು ಯಾರೂ ಎಂಬಿಎ ಓದಿದವರಲ್ಲ. ಆದ್ರೆ ತಿಂಗಳ ಮುಂಚೆ ದೇವಸ್ಥಾನದ ಕಟ್ಟೆ ಮೇಲೆ ಕೂತು ಮಾತಾಡ್ತಾರೆ. ಹಗ್ಗ ಹಿಡಿಯೋರು ಯಾರು, ಗಾಲಿಗೆ ಮರದ ಅಡ್ಡ ಕೊಡೋರು ಯಾರು, ಗಾಡಿಗಳನ್ನ ಯಾವ ತೋಟದ ಬದೀಲಿ ನಿಲ್ಲಿಸಬೇಕು, ಪಾನಕ ಮಜ್ಜಿಗೆ ಎಲ್ಲೆಲ್ಲಿ, ಹೆಂಗಸರು ಮಕ್ಕಳು ಯಾವ ಕಡೆಯಿಂದ ಬರಬೇಕು, ಯಾವ ಕಡೆಯಿಂದ ಹೋಗಬೇಕು. ಮೈಕ್ ಹಿಡಿದವನು ಬೆಳಗ್ಗೆಯಿಂದ ಸಂಜೆವರೆಗೆ ಬಾಯಿ ಮುಚ್ಚಲ್ಲ: "ಕೆಂಪು ಅಂಗಿ ಹಾಕಿರೋ ಮಗು ಪೆಂಡಾಲ್ ಹತ್ರ ಇದೆ, ಸಂಬಂಧಪಟ್ಟವರು ಬನ್ನಿ." ತೇರು ಹೊರಡೋದು ತಡ ಆದ್ರೆ ತಡ ಅಂತ ಹೇಳ್ತಾರೆ, ಮಳೆ ಬಂದ್ರೆ ನಾಳೆ ಅಂತ ಹೇಳ್ತಾರೆ. ಒಂದೇ ಬಾಯಲ್ಲಿ ಹೇಳ್ತಾರೆ. ಜನರನ್ನ ಕರೆದವರು ಜನರ ಹೊಣೆ ಹೊರಬೇಕು ಅನ್ನೋದು ಅಲ್ಲಿ ಯಾವ ಕಾಯ್ದೆಯಲ್ಲೂ ಬರೆದಿಲ್ಲ. ಆ ಕಾಲ್ತುಳಿತ ಆದ ಮೇಲೆ ನಮ್ಮ ಸರ್ಕಾರ ಜನಸಂದಣಿ ನಿಯಂತ್ರಣಕ್ಕೆ ಅಂತ ಮಸೂದೆ ಮಂಡಿಸಿತು. ಒಳ್ಳೇದೇ. ಆದ್ರೆ ಕಾಗದಕ್ಕಿಂತ ಮುಂಚೆ ಆ ಹಗ್ಗ, ಆ ಮೈಕು, ಆ ಒಂದೇ ಬಾಯಿ ಬೇಕು.

ಇಷ್ಟು ಹೇಳಿದ ಮೇಲೆ "ನಮ್ದೇ" ಅನ್ನೋ ಪದದ ಹತ್ರ ಬರ್ತೀನಿ. ನಿಜವಾದ ಜಗಳ ಇರೋದು ಅಲ್ಲೇ.

ಯಾವುದು ನಮ್ದು? ತಂಡದ ಹೆಸರಲ್ಲಿರೋ ರಾಯಲ್ ಚಾಲೆಂಜರ್ಸ್ ಬಂದದ್ದು ಒಂದು ವಿಸ್ಕಿ ಬ್ರ್ಯಾಂಡಿನಿಂದ. 2008ರಲ್ಲಿ ಮಲ್ಯ ಕೈಲಿತ್ತು, ಆಮೇಲೆ ಡಿಯಾಜಿಯೊ ಕೈಗೆ ಹೋಯ್ತು, ಮುಂದೆ ಇನ್ಯಾರ ಕೈಗೋ. ನಮ್ಮ ಊರಿನ ಹೆಸರು ಸರ್ಕಾರಿ ಲೆಕ್ಕದಲ್ಲಿ ಬೆಂಗಳೂರು ಅಂತ ಆದದ್ದು 2014ರ ನವೆಂಬರ್ 1ಕ್ಕೆ. ತಂಡದ ಹೆಸರಲ್ಲಿ "ಬ್ಯಾಂಗಲೋರ್" ಹೋಗಿ "ಬೆಂಗಳೂರು" ಬಂದದ್ದು 2024ರ ಮಾರ್ಚಲ್ಲಿ. ಹತ್ತು ವರ್ಷಕ್ಕೆ ಸ್ವಲ್ಪ ಕಮ್ಮಿ. ಅದನ್ನೂ ಒಂದು ದೊಡ್ಡ ಕಾರ್ಯಕ್ರಮ ಮಾಡಿ ನಮಗೇ ಉಡುಗೊರೆ ಕೊಟ್ಟ ಹಾಗೆ ಕೊಟ್ಟರು. ನಾವು ಚಪ್ಪಾಳೆ ಹೊಡೆದ್ವಿ.

ಕೊಹ್ಲಿ ದೆಹಲಿಯವನು ಅಂತ ನನ್ನ ತಕರಾರು ಖಂಡಿತಾ ಅಲ್ಲ. 2008ರಿಂದ ಒಂದೇ ತಂಡದಲ್ಲಿ ನಿಂತವನು, 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಕೊನೆ ಓವರ್ ಮುಗಿಯೋ ಮುಂಚೆನೇ ಕಣ್ಣೀರು ಹಾಕಿದವನು. ಅವನನ್ನ ನಮ್ಮವನಲ್ಲ ಅಂದ್ರೆ ನಾಲಿಗೆ ಬಿದ್ದುಹೋಗುತ್ತೆ. ಡಿವಿಲಿಯರ್ಸ್‌ಗೂ ಅದೇ ಮಾತು. ನನ್ನ ತಕರಾರು ಇರೋದು ಇನ್ನೊಂದು ಕಡೆ. ಅದೇ ಸೀಸನ್ನಿನ ಏಪ್ರಿಲ್ 10 ನೆನಪಿಸಿಕೊಳ್ಳಿ. ಡೆಲ್ಲಿ ತಂಡಕ್ಕೆ ಆಡ್ತಿದ್ದ ನಮ್ಮ ಕೆ.ಎಲ್. ರಾಹುಲ್ ಚಿನ್ನಸ್ವಾಮಿಯಲ್ಲಿ ಔಟಾಗದೆ 93 ಹೊಡೆದು ಆರ್‌ಸಿಬಿಯನ್ನ ಸೋಲಿಸಿದ. ಗೆಲುವಿನ ಹೊಡೆತ ಹೊಡೆದು, ಬ್ಯಾಟಿಂದ ನೆಲದ ಮೇಲೆ ಒಂದು ವೃತ್ತ ಎಳೆದು, ಮಧ್ಯದಲ್ಲಿ ಬ್ಯಾಟ್ ಊರಿದ. ಆಮೇಲೆ ಅದು "ಕಾಂತಾರ"ದಿಂದ ಬಂದದ್ದು ಅಂತ ಅವನೇ ಹೇಳಿದ. ಈ ಜಾಗ ನಂದು ಅಂತ ಅದರ ಅರ್ಥ. ಆ ಸಿನಿಮಾ ಬಂದಾಗ ಥಿಯೇಟರಲ್ಲಿ ಶಿಳ್ಳೆ ಹೊಡೆದವರು ನಾವೇ. ಜನರ ನೆಲ ಜನರದ್ದು, ಬೇಲಿ ಹಾಕೋಕೆ ನೀವು ಯಾರು ಅಂತ ಕೇಳೋ ಕಥೆ ಅದು. ಮಂಗಳೂರಲ್ಲಿ ಬೆಳೆದು, ಕರ್ನಾಟಕಕ್ಕೆ ಆಡಿದ ಹುಡುಗ ತನ್ನದೇ ಮೈದಾನದಲ್ಲಿ ವೃತ್ತ ಎಳೆದು "ಇದು ನಂದು" ಅಂತ ತೋರಿಸಬೇಕಾಗಿ ಬಂತು. ನಮ್ಮಲ್ಲಿ ಕೆಲವರು ಅದನ್ನ ಅವಮಾನ ಅಂತ ತಗೊಂಡ್ವಿ. ಜರ್ಸಿ ಬಣ್ಣ ನೋಡಿ ನಮ್ಮವರು ಯಾರು ಅಂತ ನಿರ್ಧಾರ ಮಾಡೋ ಅಭ್ಯಾಸ ನಮಗೆ ಎಷ್ಟು ಚೆನ್ನಾಗಿ ಆಗಿದೆ ನೋಡಿ.

ಜೂನ್ 3ರ ಫೈನಲ್‌ನಲ್ಲಿ ಆಡಿದ ಆರ್‌ಸಿಬಿಯಲ್ಲಿ ಕರ್ನಾಟಕದವನು ಮಯಾಂಕ್ ಅಗರವಾಲ್ ಒಬ್ಬನೇ. ಅವನೂ ಗಾಯಗೊಂಡ ದೇವದತ್ತ ಪಡಿಕ್ಕಲ್ ಜಾಗಕ್ಕೆ ಸೀಸನ್ ಮಧ್ಯದಲ್ಲಿ ಬಂದವನು. ಅದೇ ಮಯಾಂಕ್ ಅದೇ ವರ್ಷ ಜನವರಿ 18ಕ್ಕೆ ವಡೋದರದಲ್ಲಿ ಕರ್ನಾಟಕದ ನಾಯಕನಾಗಿ ವಿಜಯ್ ಹಜಾರೆ ಟ್ರೋಫಿ ಎತ್ತಿದ್ದ. ವಿದರ್ಭದ ಎದುರು 36 ರನ್ ಗೆಲುವು, ಕರ್ನಾಟಕಕ್ಕೆ ಅದು ಐದನೇ ಹಜಾರೆ ಕಪ್ಪು. ಎದುರು ತಂಡದ ನಾಯಕ ಯಾರು ಗೊತ್ತಾ? 2014-15ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ಮೇಲೆ ನಮಗಾಗಿ 328 ಹೊಡೆದ ಕರುಣ್ ನಾಯರ್. 2025ರಲ್ಲಿ ನಮಗೆ ಬಂದ ಮೊದಲ ಕಪ್ಪು ಜೂನ್‌ದಲ್ಲ, ಜನವರಿಯದ್ದು. ಅವತ್ತು ಒಂದು ಪಟಾಕಿ ಹೊಡೆದ ಸದ್ದು ಕೇಳಿದ್ರಾ?

ಇನ್ನೊಂದು ಕೇಳಿ. "ಹದಿನೆಂಟು ವರ್ಷಕ್ಕೆ ಆರ್‌ಸಿಬಿಗೆ ಮೊದಲ ಕಪ್" ಅಂತ ಎಲ್ಲಾ ಕಡೆ ಹಾಕಿದ್ರಲ್ಲ. 2024ರ ಮಾರ್ಚಲ್ಲೇ ಆರ್‌ಸಿಬಿ ಹೆಣ್ಣುಮಕ್ಕಳು ಕಪ್ ತಂದಿದ್ರು. ಫೈನಲ್‌ನಲ್ಲಿ ನಾಲ್ಕು ವಿಕೆಟ್ ತೆಗೆದವಳು ನಮ್ಮ ಶ್ರೇಯಾಂಕಾ ಪಾಟೀಲ್. ಅದು ಲೆಕ್ಕಕ್ಕೇ ಬರಲಿಲ್ವಾ? ನಮ್ದೇ ಅನ್ನೋ ಪದದೊಳಗೆ ಯಾರಿದ್ದಾರೆ, ಯಾರಿಲ್ಲ ಅನ್ನೋದನ್ನ ನಾವು ತೀರ್ಮಾನ ಮಾಡ್ತಿಲ್ಲ. ಯಾವುದು ಚೆನ್ನಾಗಿ ಮಾರಾಟ ಆಗುತ್ತೋ ಅದು ತೀರ್ಮಾನ ಮಾಡ್ತಿದೆ.

ಸರ್ಕಾರದ ತೆರಿಗೆ ಪಟ್ಟಿ ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ಟಿಗೆ ಜಿಎಸ್‌ಟಿ ಶೇ. 40. ಅದೇ ಸಾಲಲ್ಲಿ ಇರೋದು ಕ್ಯಾಸಿನೋ, ರೇಸ್ ಕ್ಲಬ್. ಮಾನ್ಯತೆ ಇರೋ ಬೇರೆ ಕ್ರೀಡಾಕೂಟದ ಟಿಕೆಟ್ 500 ರೂಪಾಯಿ ಒಳಗಿದ್ರೆ ತೆರಿಗೆನೇ ಇಲ್ಲ, ಮೇಲಿದ್ರೆ ಶೇ. 18. ಅಂದ್ರೆ ಕಾಗದದ ಮೇಲೆ ಇದು ಆಟಕ್ಕಿಂತ ಹೆಚ್ಚಾಗಿ ಶ್ರೀಮಂತರ ಮನರಂಜನೆ. ಹಾಗಿದ್ರೆ ಹಾಗೇ ಹೇಳಿ. ಟಿಕೆಟ್ ಮಾರುವಾಗ ಶ್ರೀಮಂತರ ಮನರಂಜನೆ, ಜರ್ಸಿ ಮಾರುವಾಗ ಬಡವನ ಅಭಿಮಾನ, ಜನ ಸತ್ತಾಗ ಜನರದ್ದೇ ತಪ್ಪು, ಇದು ಯಾವ ಸೀಮೆ ನ್ಯಾಯ?

ಇಲ್ಲಿಗೆ ಬಂದಾಗ ಸ್ನೇಹಿತರು ಎರಡು ಮಾತು ಹೇಳ್ತಾರೆ. ಒಂದು: "ಖಾಸಗಿ ವ್ಯವಹಾರ ಗುರೂ. ದುಡ್ಡು ಹಾಕಿದವನು ದುಡ್ಡು ಮಾಡ್ತಾನೆ, ಬೇಡ ಅಂದ್ರೆ ನೋಡಬೇಡ." ಸರಿ, ಒಪ್ಪೋಣ. ಆದ್ರೆ ಖಾಸಗಿ ವ್ಯವಹಾರಕ್ಕೆ ವಿಧಾನಸೌಧದ ಮೆಟ್ಟಿಲು ಯಾಕೆ? ಊರಿನ ಪೊಲೀಸರು, ಊರಿನ ಮೆಟ್ರೋ, ಊರಿನ ರಸ್ತೆ, ಊರಿನ ಹೆಸರು, ಊರಿನ ಭಾಷೆಯ ಘೋಷಣೆ ಎಲ್ಲಾ ಬೇಕು. ಹೊಣೆ ಬಂದಾಗ ಮಾತ್ರ ಖಾಸಗಿ. ಅಂಗಡಿಯವನು ಗಿರಾಕಿಯನ್ನ "ಬನ್ನಿ ಅಣ್ಣಾ, ನಿಮ್ಮದೇ ಅಂಗಡಿ" ಅಂತ ಕರೆಯೋದು ನಮಗೆ ಗೊತ್ತು. ಆ ಮಾತನ್ನ ಯಾರೂ ನಂಬಲ್ಲ. ಆದ್ರೆ ಅಂಗಡಿಯ ಛಾವಣಿ ಬಿದ್ರೆ "ನಿಮ್ಮದೇ ಅಂಗಡಿ ಅಲ್ವಾ" ಅಂತ ಅಂಗಡಿಯವನು ಗಿರಾಕಿಗೆ ಹೇಳಲ್ಲ.

ಎರಡನೇ ಮಾತು: "ಬರೀ ಆಟ, ಇಷ್ಟೆಲ್ಲಾ ತಲೆಗೆ ಹಚ್ಕೋಬೇಡ." ಇದನ್ನ ಹೇಳೋರು ಸುಲಭವಾಗಿ ಬೇರೆ ಖುಷಿ ಸಿಗೋರು. ಶನಿವಾರ ಬಂದ್ರೆ ಟ್ರೆಕ್ಕು, ರಾತ್ರಿ ಕಾನ್ಸರ್ಟು, ವರ್ಷಕ್ಕೊಂದು ಥಾಯ್ಲೆಂಡು. ಆರು ದಿನ ಡೆಲಿವರಿ ಗಾಡಿ ಓಡಿಸೋ ಹುಡುಗನಿಗೆ, ಪಿಜಿಯಲ್ಲಿ ನಾಲ್ಕು ಜನರ ಜೊತೆ ಮಲಗೋ ಹುಡುಗಿಗೆ, ಹಳ್ಳಿಯಿಂದ ಬಂದು ಈ ಊರಲ್ಲಿ ಯಾರನ್ನೂ ಗೊತ್ತಿಲ್ಲದವನಿಗೆ, ಕೆಂಪು ಜರ್ಸಿ ಹಾಕಿದ ತಕ್ಷಣ ಬಸ್‌ಸ್ಟಾಪಲ್ಲಿ ನಿಂತ ಅಪರಿಚಿತ "ಏನಪ್ಪಾ ಸ್ಕೋರು" ಅಂತ ಕೇಳ್ತಾನಲ್ಲ, ಅದು ಈ ಊರು ಅವನನ್ನ ಮಾತಾಡಿಸೋ ಒಂದೇ ಗಳಿಗೆ. ಅದನ್ನ ಬರೀ ಆಟ ಅಂತ ಹೇಗೆ ತಳ್ಳಿಹಾಕೋದು? ಬೆಂಗಳೂರಿಗೆ ಬಂದ ಮೊದಲ ವರ್ಷ ನನ್ನನ್ನೂ ಈ ಊರು ಮಾತಾಡಿಸಿದ್ದು ಹಾಗೇ.

ಈ ಇಬ್ಬರಿಗೂ ಒಟ್ಟಿಗೆ ಒಂದು ಉತ್ತರ ಇದೆ. ಕೆರೆ ನೀರನ್ನ ಹದಿನೆಂಟು ವರ್ಷ ಏರಿ ಕಟ್ಟಿ ನಿಲ್ಲಿಸಿ, ಒಂದು ಮಧ್ಯಾಹ್ನ ಒಂದೇ ತೂಬು ಎತ್ತಿದ್ರೆ ಏನಾಗುತ್ತೆ ಅಂತ ನಮ್ಮೂರ ನೀರುಗಂಟಿಗೆ ಕೇಳಿ. ಮಾಮೂಲಿ ದಿನಗಳಲ್ಲಿ ಒಳಗೆ ಹೋಗೋ ದಾರಿನೇ ಇಲ್ಲದ ಜನರ ಆಸೆಯೆಲ್ಲಾ ಸೇರಿ ಒಂದೇ ದಿನ ಒಂದೇ ಗೇಟಿನ ಮೇಲೆ ಬಿತ್ತು. ವರ್ಷಪೂರ್ತಿ ಸಣ್ಣ ಸಣ್ಣ ಕಾಲುವೆಯಲ್ಲಿ ಹರೀತಿದ್ರೆ ಹೀಗಾಗ್ತಿತ್ತಾ?

ಕಾಲುವೆಗಳು ಇರಲಿಲ್ವಾ? ಇದ್ವು, ಈಗಲೂ ಇವೆ. ಕರ್ನಾಟಕ ಎಂಟು ಸಲ ರಣಜಿ ಗೆದ್ದಿದೆ. 15 ವರ್ಷ ಸತತವಾಗಿ ಗೆದ್ದಿದ್ದ ಬಾಂಬೆಯನ್ನ 1973-74ರ ಸೆಮಿಫೈನಲ್‌ನಲ್ಲಿ ಇದೇ ಬೆಂಗಳೂರಲ್ಲಿ ಇಳಿಸಿದ್ದು ಪ್ರಸನ್ನ ಅವರ ತಂಡ. ಗಾವಸ್ಕರ್‌ನ ಬೌಲ್ಡ್ ಮಾಡಿದ್ದೂ ಪ್ರಸನ್ನ ಅವರೇ. ಅಷ್ಟು ಹಳೇದು ಬೇಡ ಅಂದ್ರೆ 2010ರ ಜನವರಿಯ ಮೈಸೂರು ತಗೊಳ್ಳಿ. ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ರಣಜಿ ಫೈನಲ್, ಎದುರು ಮತ್ತೆ ಮುಂಬೈ. 338 ಬೆನ್ನಟ್ಟಿ, ಮನೀಶ್ ಪಾಂಡೆ 144 ಹೊಡೆದು, 331ಕ್ಕೆ ಆಲೌಟ್. ಬರೀ 6 ರನ್ ಸೋಲು. ಆ ಮೈದಾನದ ಸುತ್ತ ಕಾಲಿಡೋಕೆ ಜಾಗ ಇರಲಿಲ್ಲ. ಕಾಲೇಜು ಹುಡುಗರು, ನಿವೃತ್ತ ಮೇಷ್ಟ್ರುಗಳು, ಬುತ್ತಿ ಕಟ್ಟಿಕೊಂಡು ಬಂದವರು. 2009ರ ಐಪಿಎಲ್ ಫೈನಲ್‌ನಲ್ಲಿ ಕುಂಬ್ಳೆ ನಾಲ್ಕು ವಿಕೆಟ್ ತೆಗೆದೂ ಆರ್‌ಸಿಬಿ ಸೋತದ್ದು 6 ರನ್ನಿಂದ. 2025ರಲ್ಲಿ ಪಂಜಾಬ್ ಮೇಲೆ ಗೆದ್ದದ್ದೂ 6 ರನ್ನಿಂದಲೇ. ಮೂರೂ ಆರೇ ರನ್ನು. ಎರಡನ್ನ ಊರೆಲ್ಲಾ ಬಾಯಿಪಾಠ ಹೇಳುತ್ತೆ. ಮೈಸೂರಿನ ಆ ಆರು ರನ್ನಿನ ಸಂಕಟ ಎಷ್ಟು ಜನಕ್ಕೆ ನೆನಪಿದೆ?

ರಣಜಿ ನೋಡೋಕೆ ಹೋದ್ರೂ ನಾವು ಆಟ ನೋಡೋಕೆ ಹೋಗ್ತೀವಾ ಅನ್ನೋದು ಇನ್ನೊಂದು ಪ್ರಶ್ನೆ. 2025ರ ಜನವರಿ ಕೊನೇಲಿ ದೆಹಲಿಯಲ್ಲಿ ಕೊಹ್ಲಿ ರಣಜಿ ಆಡಿದ. ಬೆಳಗಿನ ಜಾವದಿಂದಲೇ ಸಾವಿರಾರು ಜನ ಗೇಟಿಗೆ ಮುತ್ತಿದ್ರು. 6 ರನ್ನಿಗೆ ಬೌಲ್ಡ್ ಆದ, ಸ್ಟ್ಯಾಂಡು ಖಾಲಿ ಆಯ್ತು. ಅವನನ್ನ ಔಟ್ ಮಾಡಿದ ರೈಲ್ವೇಸ್ ಬೌಲರ್ ಹಿಮಾಂಶು ಸಾಂಗ್ವಾನ್ ಆಮೇಲೆ ಹೇಗೆ ಬೌಲ್ ಮಾಡಿದ ಅಂತ ನೋಡೋಕೆ ಎಷ್ಟು ಜನ ಉಳಿದ್ರೋ. ಆಟ ನೋಡೋದಕ್ಕೂ ಮುಖ ನೋಡೋದಕ್ಕೂ ವ್ಯತ್ಯಾಸ ಇದೆ. ಮುಖ ನೋಡೋಕೆ ಹೋಗೋ ಜನರನ್ನ ಬಸ್ಸಿನ ಹಿಂದೆ ಓಡಿಸೋದು ಸುಲಭ.

ಜೂನ್ 4ರ ಬೆಲೆ ಇನ್ನೂ ತೀರಿಲ್ಲ. ಆ ವರ್ಷದ ಮಹಿಳಾ ವಿಶ್ವಕಪ್ಪಿನ ಉದ್ಘಾಟನಾ ಪಂದ್ಯ ಚಿನ್ನಸ್ವಾಮಿಯಲ್ಲಿ ಅಂತ ಗೊತ್ತಾಗಿತ್ತು. ಅದು ಗುವಾಹಟಿಗೆ ಹೋಯ್ತು. ಆತಿಥ್ಯದ ಪಟ್ಟಿಯಲ್ಲಿ ಬೆಂಗಳೂರಿನ ಜಾಗಕ್ಕೆ ನವಿ ಮುಂಬೈ ಬಂತು. ನವೆಂಬರ್ 2ಕ್ಕೆ ನಮ್ಮ ಹೆಣ್ಣುಮಕ್ಕಳು ಮೊದಲ ಸಲ ವಿಶ್ವಕಪ್ ಗೆದ್ದದ್ದೂ ನವಿ ಮುಂಬೈಯಲ್ಲೇ. ಇಲ್ಲಿನ ಶಾಲೆ ಹುಡುಗಿಯರು ಅಪ್ಪನ ಕೈ ಹಿಡಿದು ಹೋಗಿ ನೋಡಬಹುದಾಗಿದ್ದ ಆಟ ಟೀವಿಯಲ್ಲೇ ಉಳೀತು. ಆ ಹುಡುಗಿಯರಿಗೆ ಯಾರು ಲೆಕ್ಕ ಕೊಡ್ತಾರೆ?

ಹಾಗಾದ್ರೆ ಏನು ಮಾಡೋಣ ಅಂತೀರಾ? ಐಪಿಎಲ್ ಬಿಡಿ ಅಂತ ನಾನು ಹೇಳ್ತಿಲ್ಲ. ನಾನೂ ಬಿಡಲ್ಲ. ಗೆದ್ದ ರಾತ್ರಿ ನಮ್ಮ ಬೀದಿಯಲ್ಲಿ ಕುಣಿದವರಲ್ಲಿ ನಾನೂ ಒಬ್ಬ, ಅದಕ್ಕೆ ನಾಚಿಕೆಯೂ ಇಲ್ಲ. ಕೇಳ್ತಿರೋದು ಇಷ್ಟೇ. ಪ್ರತಿ ಪಂದ್ಯಕ್ಕೂ ಒಂದಿಷ್ಟು ಸೀಟು ಕಮ್ಮಿ ದರಕ್ಕೆ, ಕೌಂಟರಿನಲ್ಲಿ, ಸಾಲಲ್ಲಿ ನಿಂತವನ ಕೈಗೆ ಸಿಗೋ ಹಾಗೆ ಇಡಿ. ಹಾಸನದವನಿಗೂ, ಯಾದಗಿರಿಯವನಿಗೂ ಸಿಗಲಿ. ಆ ಕ್ರೀಡಾಂಗಣಕ್ಕೆ ಹೆಸರು ಕೊಟ್ಟ ಚಿನ್ನಸ್ವಾಮಿಯವರೇ ಮಂಡ್ಯದಿಂದ ಬಂದ ವಕೀಲರು. ಜನರನ್ನ ಕರೆಯೋ ಮುಂಚೆ ಎಷ್ಟು ಜನ, ಎಷ್ಟು ಗೇಟು, ಯಾವ ಹೊತ್ತು ಅಂತ ಒಂದೇ ಬಾಯಲ್ಲಿ ಹೇಳಿ. ಹೇಳೋಕೆ ಆಗಲ್ಲ ಅಂದ್ರೆ ಕರೀಬೇಡಿ, ಒಂದು ವಾರ ಬಿಟ್ಟು ಕರೀರಿ. ಹದಿನೆಂಟು ವರ್ಷ ಕಾದವರಿಗೆ ಒಂದು ವಾರ ಕಾಯೋದು ಕಷ್ಟ ಅಲ್ಲ.

ನಾವು, ಅಂದ್ರೆ ಈ ಪುಸ್ತಕ ಮೆಟ್ರೋದಲ್ಲಿ ಓದ್ತಿರೋ ನೀವೂ ನಾನೂ, ಮಾಡಬಹುದಾದ್ದು ಇನ್ನೂ ಸುಲಭ. ವಿಶ್ವಕಪ್ ಫೈನಲ್‌ಗೆ ರಜೆ ಹಾಕೋರು ವರ್ಷಕ್ಕೆ ಒಂದು ದಿನ ರಣಜಿಗೂ ಹಾಕಬಹುದು. ಟೀಮ್ ಔಟಿಂಗ್ ಅಂತ ಪ್ರತಿ ಸಲ ಅದೇ ರೆಸಾರ್ಟಿಗೆ ಹೋಗಿ ಅದೇ ಪನೀರ್ ತಿನ್ನೋ ಬದಲು ಒಂದು ಬೆಳಗ್ಗೆ ಮೈದಾನಕ್ಕೆ ಹೋಗಬಹುದು. ಆಫೀಸಿನ ಸೆಕ್ಯುರಿಟಿ ಅಣ್ಣನನ್ನ, ಮನೆಗೆ ಪಾರ್ಸೆಲ್ ತರೋ ಹುಡುಗನನ್ನ "ಬರ್ತೀಯೇನಪ್ಪಾ" ಅಂತ ಕೇಳಬಹುದು. ಅಲ್ಲಿ ಚಿಯರ್ ಮಾಡಿ ಅಂತ ಯಾರೂ ಮೈಕಲ್ಲಿ ಕಿರುಚಲ್ಲ. ಬ್ಯಾಟಿಗೆ ಚೆಂಡು ತಾಗಿದ ಸದ್ದು ಸರಿಯಾಗಿ ಕೇಳುತ್ತೆ. ಸ್ಲಿಪ್ಪಲ್ಲಿ ನಿಂತವರು ಕನ್ನಡದಲ್ಲಿ ತಮಾಷೆ ಮಾಡಿಕೊಳ್ಳೋದೂ ಕೇಳುತ್ತೆ. ಮುಂದಿನ ಋತುವಿನ ವೇಳಾಪಟ್ಟಿ ಬಂದ ತಕ್ಷಣ ಕರ್ನಾಟಕದ ಒಂದು ತವರು ಪಂದ್ಯ ನೋಡಿ ಕ್ಯಾಲೆಂಡರಲ್ಲಿ ಗುರುತು ಹಾಕಿಕೊಳ್ಳಿ. ಬೆಳಗ್ಗೆ ಒಂಬತ್ತಕ್ಕೆ ಹೋದ್ರೆ ಸಾಕು. ತಿಂಡಿ ಮುಗಿಸಿಕೊಂಡೇ ಹೋಗಿ, ಟೋಪಿ ಮರೀಬೇಡಿ, ಬಿಸಿಲು ಜೋರಿರುತ್ತೆ.